ದಿನಗೂಲಿಗೆ ಕಾಯಿಲೆ ಬೀಳುವ ವೀನಿ ಅತ್ತೆ

ಬೆಟ್ಟದ ಹಿಂದೆ ಇನ್ನೂ ಬೆಳಕು ಮೂಡಿಲ್ಲ. ಟರ್ಕಿಪೆನ್ ಕಣಿವೆಯ ಕಟ್ಟಕಡೆಯ ಮನೆಯಲ್ಲಿ ಲುವೆನಿಯಾ ಸ್ಟಿಡಮ್ ಒಲೆಯ ಮೇಲಿನ ಕಾಫಿಯನ್ನು ಕೆಳಗಿಳಿಸುತ್ತಾರೆ. ಆಮೇಲೆ ಸೇಬು ಹೆಚ್ಚುವ ಸಣ್ಣ ಚಾಕು ತೆಗೆದುಕೊಂಡು ಒಂದು ಬಿಳಿ ಮಾತ್ರೆಯನ್ನು ಎರಡು ಹೋಳು ಮಾಡುತ್ತಾರೆ. ಒಂದು ಹೋಳು ತಮ್ಮ ಬಾಯಿಗೆ, ಇನ್ನೊಂದು ಗಂಡ ಹೋಬರ್ಟ್ ಅವರ ತಟ್ಟೆಯಂಚಿಗೆ, ಬಿಸಿ ಬನ್ನಿನ ಪಕ್ಕಕ್ಕೆ. ಉಪ್ಪಿನ ಡಬ್ಬಿ ಸರಿಸಿದಷ್ಟು ಸಲೀಸಾಗಿ ಇದು ನಡೆದುಹೋಗುತ್ತದೆ. ಇಬ್ಬರೂ ಅದರತ್ತ ನೋಡುವುದಿಲ್ಲ.

“ಇವತ್ತು ಯಾವ ರೋಗ?” ಎಂದು ಹೋಬರ್ಟ್ ಕೇಳುತ್ತಾರೆ.

“ಹೇಳೋ ಹಾಗಿಲ್ಲ. ಪರೀಕ್ಷೆ ಇದೆ.”

“ಅಂಟೋದಾ?”

“ನಿನಗಾಗಲೇ ಅಂಟಿದೆ. ಸುಮ್ನೆ ತಿನ್ನು.”

ಹೋಬರ್ಟ್ ಸುಮ್ಮನೆ ತಿನ್ನುವ ಜಾತಿಯವರಲ್ಲ. ಕಲ್ಲಿದ್ದಲು ಲಾರಿಗಳ ಕೆಳಗೆ ಮಲಗಿ ರಿಪೇರಿ ಮಾಡುತ್ತಲೇ ಆಯುಷ್ಯ ಕಳೆದ ಈ ಮನುಷ್ಯನಿಗೆ ಹೆಂಡತಿಯ ಈಗಿನ ಉದ್ಯೋಗವೇ ಮುಪ್ಪಿನ ಮನರಂಜನೆ. ಸಾಮಾನ್ಯವಾಗಿ ಹಿಂದಿನ ದಿನವೇ ಅವರು ಎದುರಿಗೆ ಕೂತು, ನರ್ಸಿನ ಪಾತ್ರ ಮಾಡಿ, ಹೆಂಡತಿಗೆ ಮಾತು ಬಾಯಿಪಾಠ ಮಾಡಿಸುತ್ತಾರೆ. ಈ ಸಲ ಲುವೆನಿಯಾ ಅದಕ್ಕೆ ಅವಕಾಶ ಕೊಟ್ಟಿಲ್ಲ. ಕಾರಣವನ್ನೂ ಹೇಳಿಲ್ಲ. ಹಳೆಯ ನೀಲಿ ಸ್ವೆಟರ್ ತೊಟ್ಟು, ಚರ್ಚಿಗೆ ಹಾಕಿಕೊಂಡು ಹೋಗುವ ಕೋಟನ್ನು ಮೊಳೆಗೇ ಬಿಟ್ಟು, ಮಂಜಿನಲ್ಲಿ ಪಿಕಪ್ ಗಾಡಿ ಹತ್ತುತ್ತಾರೆ.

ಲುವೆನಿಯಾ ಅವರ ಕೆಲಸ ಕಾಯಿಲೆ ಬೀಳುವುದು. ಬೆಟ್ಟದಾಚೆಯ ವೆದರ್ಬಿ ಪಟ್ಟಣದ ನರ್ಸಿಂಗ್ ಕಾಲೇಜಿನಲ್ಲಿ ‘ಫ್ಯಾಮಿಲಿ ನರ್ಸ್ ಪ್ರಾಕ್ಟೀಷನರ್’ ಆಗಲು ಸ್ನಾತಕೋತ್ತರ ಪದವಿ ಓದುತ್ತಿರುವವರಿಗೆ ಅವರು ರೋಗಿ. ಬರುವವರೆಲ್ಲ ಹಲವು ವರ್ಷ ಆಸ್ಪತ್ರೆಗಳಲ್ಲಿ ದುಡಿದ ನರ್ಸ್‌ಗಳು. ಓದು ಮುಗಿಸಿ ಪರವಾನಗಿ ಪಡೆದರೆ, ಹಸುಗೂಸಿನಿಂದ ಹಿಡಿದು ಹಣ್ಣು ಮುದುಕರವರೆಗೆ ಇಡೀ ಮನೆಯವರನ್ನು ತಾವೇ ಪರೀಕ್ಷಿಸಿ, ರೋಗ ಗುರುತಿಸಿ, ಔಷಧಿ ಬರೆದುಕೊಡಬಹುದು. ಕೆಂಟಕಿಯ ಈ ಪೂರ್ವದ ಕಣಿವೆಗಳಲ್ಲಿ ಡಾಕ್ಟರು ನಿಲ್ಲುವುದು ಕಡಿಮೆ. ಹಾಗಾಗಿ ‘ಡಾಕ್ಟರ ಹತ್ತಿರ ಹೋಗಿ ಬರ್ತೀನಿ’ ಎಂದು ಹೊರಟವರು ಬಹಳ ಸಲ ಹೋಗಿ ಕೂರುವುದು ಇಂಥವರ ಎದುರಿಗೇ.

ಪುಸ್ತಕದ ಪಾಠವನ್ನು ವಿದ್ಯಾರ್ಥಿಗಳು ಮನೆಯಲ್ಲೇ ಕಂಪ್ಯೂಟರಿನಲ್ಲಿ ಓದುತ್ತಾರೆ. ನಿಜವಾದ ರೋಗಿಗಳನ್ನು, ಅನುಭವಸ್ಥರೊಬ್ಬರ ಕಣ್ಗಾವಲಿನಲ್ಲಿ, ಯಾವುದಾದರೂ ಕ್ಲಿನಿಕ್ಕಿನಲ್ಲಿ ನೋಡುತ್ತಾರೆ. ಎರಡರ ನಡುವೆ ಒಂದು ಸೇತುವೆ ಬೇಕು. ತಪ್ಪು ಮಾಡಿದರೂ ಯಾರ ಜೀವಕ್ಕೂ ಕುತ್ತಾಗದ ಒಂದು ಕೋಣೆ ಬೇಕು. ಆ ಕೋಣೆಯಲ್ಲಿ, ಕಾಗದ ಹಾಸಿದ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿರುವವರೇ ಲುವೆನಿಯಾ.

ಇದಕ್ಕೆ ಮೊದಲು ಅವರು ಟರ್ಕಿಪೆನ್ ಪ್ರಾಥಮಿಕ ಶಾಲೆಯ ಅಡುಗೆಯವರಾಗಿದ್ದರು. ಇವತ್ತು ಕಣಿವೆಯಲ್ಲಿ ಮೀಸೆ ತಿರುವುವ ಗಂಡಸರು, ಮಕ್ಕಳನ್ನು ಎತ್ತಿಕೊಂಡಿರುವ ಹೆಂಗಸರು ಎಲ್ಲರೂ ಅವರ ಕೈಯ ಹುರುಳಿಕಾಯಿ, ಮೆಕ್ಕೆಜೋಳದ ಬ್ರೆಡ್ ತಿಂದೇ ಬೆಳೆದವರು. ಎಲ್ಲರಿಗೂ ಅವರು ವೀನಿ ಅತ್ತೆ. ನಿವೃತ್ತಿಯಾದ ಮೇಲೆ ಒಂದು ದಿನ ಕಿರಾಣಿ ಅಂಗಡಿಯ ಗೋಡೆಯ ಮೇಲೆ ಕಾಲೇಜಿನ ಜಾಹೀರಾತು ಕಣ್ಣಿಗೆ ಬಿತ್ತು: ‘ರೋಗಿಗಳು ಬೇಕಾಗಿದ್ದಾರೆ. ಆರೋಗ್ಯವಂತರಾಗಿರಬೇಕು.’

“ನಾನು ಎರಡು ಸಲ ಓದಿದೆ” ಎಂದು ಲುವೆನಿಯಾ ನಗುತ್ತಾರೆ. “ಆಮೇಲೆ ಹೋಬರ್ಟ್‌ಗೂ ಓದಿಸ್ದೆ. ಇಷ್ಟು ವರ್ಷ ನಿಂತುಕೊಂಡು ದುಡಿದೆ, ಇನ್ಮೇಲೆ ಮಲಗಿಕೊಂಡು ದುಡಿ ಅಂದ. ಕೂಲಿ ಏನೂ ದೊಡ್ಡದಲ್ಲ, ಅಂಗಡಿ ಗಲ್ಲಾದ ಮೇಲೆ ಕೂರೋ ಹುಡುಗಿಗೆ ಕೊಡೋವಷ್ಟೇ. ಆದ್ರೆ ಆ ಹುಡುಗಿಗೆ ದಿನಾ ಹೊಸ ಕಾಯಿಲೆ ಬರುತ್ತಾ?”

ನ್ಯುಮೋನಿಯಾ, ಪಿತ್ತಕೋಶದ ಕಲ್ಲು, ಅರೆತಲೆನೋವು, ಸಕ್ಕರೆ ಕಾಯಿಲೆ, ಥೈರಾಯ್ಡ್‌ನ ಏರು ಮತ್ತು ಇಳಿತ ಎರಡೂ, ಹೀಗೆ ಅವರಿಗೆ ಬಂದುಹೋದ ರೋಗಗಳು ಒಂದೆರಡಲ್ಲ. ಕುಂಟಬೇಕಾದ ದಿನ ಬೂಟಿನೊಳಗೆ, ಹಿಮ್ಮಡಿಯ ಕೆಳಗೆ, ಹಿಕರಿ ಮರದ ಒಂದು ಗಟ್ಟಿ ಕಾಯಿ ಇಟ್ಟುಕೊಳ್ಳುತ್ತಾರೆ. ಇಲ್ಲದಿದ್ದರೆ ಮಧ್ಯಾಹ್ನದ ಹೊತ್ತಿಗೆ ಯಾವ ಕಾಲು ಕುಂಟುತ್ತಿತ್ತು ಎಂಬುದೇ ಮರೆತುಹೋಗುತ್ತದಂತೆ. ನೋವಿನ ಬಗ್ಗೆ ಅವರಿಗೆ ಒಂದು ಖಚಿತ ಅಭಿಪ್ರಾಯವಿದೆ.

“ನೋವು ಅಂದ್ರೆ ಮುಖ ಕಿವುಚೋದು ಅಂತ ಹೊಸಬರು ತಿಳ್ಕೊಂಡಿರ್ತಾರೆ. ನಿಜವಾಗಿ ನೋಯ್ತಿರೋರು ಅದನ್ನ ಮುಚ್ಚಿಡೋಕೆ ನೋಡ್ತಾರೆ. ನಾನೂ ಮುಚ್ಚಿಡೋಕೆ ನೋಡ್ತೀನಿ. ಸ್ವಲ್ಪ ಸೋಲ್ತೀನಿ, ಅಷ್ಟೇ.”

ಈ ವಿದ್ಯೆಯಿಂದ ಒಮ್ಮೆ ಊರೇ ಮೋಸಹೋಗಿತ್ತು. ಅಂಗಡಿಯ ಮುಂದೆ ಗಾಡಿಯಲ್ಲಿ ಕೂತು ಲುವೆನಿಯಾ ಒಂದು ಪಾತ್ರದ ಮಾತನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದರು: ‘ಎರಡು ತಿಂಗಳಿಂದ ಗಂಟು ಹಾಗೇ ಇದೆ, ಇನ್ನೂ ಮನೆಯವರಿಗೆ ಹೇಳಿಲ್ಲ.’ ಕಿಟಕಿ ತೆರೆದಿತ್ತು. ಆ ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆ ಬೇಕಾದವರ ಹೆಸರುಗಳ ನಡುವೆ ಅವರ ಹೆಸರೂ ಬಂತು. ಸೋಮವಾರದಿಂದ ಬಾಗಿಲಿಗೆ ಪಾತ್ರೆಗಳು ಬರತೊಡಗಿದವು. ಕೋಳಿ ಸಾರಿನ ಕಡುಬು, ಬೇಯಿಸಿದ ಆಲೂಗಡ್ಡೆಯ ತಿನಿಸು, ಕಡಾಯಿಗಟ್ಟಲೆ ಸೇಬಿನ ಹಲ್ವ.

“ನಾನು ಅವತ್ತೇ ನಿಜ ಹೇಳ್ತೀನಿ ಅಂದೆ” ಎಂದು ಲುವೆನಿಯಾ ಹೇಳುವಷ್ಟರಲ್ಲಿ ಹೋಬರ್ಟ್ ಬಾಯಿ ಹಾಕುತ್ತಾರೆ: “ಕಡುಬು ಮುಗೀಲಿ ತಾಳು ಅಂದೆ ನಾನು. ಪಾಪದ ಕೆಲಸ ಏನಲ್ಲ. ಕೊಟ್ಟೋರಿಗೂ ಸಮಾಧಾನ ಆಗಿತ್ತು.”

ಈ ಕೆಲಸಕ್ಕೆ ಒಂದೇ ಒಂದು ಕಟ್ಟುಪಾಡು. ಕೇಳಿದ್ದಕ್ಕೆ ಉತ್ತರ ಕೊಡಬೇಕು, ಕೇಳದಿದ್ದುದನ್ನು ಹೇಳಬಾರದು. ಪ್ರತಿ ಪಾತ್ರದ ಹೊಟ್ಟೆಯಲ್ಲೂ ಒಂದು ಸಂಗತಿ ಬಚ್ಚಿಟ್ಟಿರುತ್ತದೆ. ಸರಿಯಾದ ಪ್ರಶ್ನೆ ಬಂದರೆ ಮಾತ್ರ ಅದು ಹೊರಗೆ ಬರಬೇಕು. ವಿದ್ಯಾರ್ಥಿ ಬಾಗಿಲವರೆಗೆ ಬಂದು ಹಿಂದೆ ಸರಿದರೂ ರೋಗಿ ಬಾಗಿಲು ತೆರೆಯುವಂತಿಲ್ಲ. ಅಡುಗೆಮನೆಯಲ್ಲಿ ಇಡೀ ಬಾಳು ‘ಇನ್ನೊಂದು ಸೌಟು ಹಾಕಲಾ’ ಎಂದು ಕೇಳದೇ ಬಡಿಸಿದ ಹೆಂಗಸಿಗೆ ಇದಕ್ಕಿಂತ ಕಷ್ಟದ ಕಟ್ಟುಪಾಡು ಬೇರೆ ಇರಲಾರದು.

ಅವಧಿ ಮುಗಿದ ಗಂಟೆ ಬಾರಿಸಿದ ಮೇಲೆ ಕಥೆ ಬೇರೆ. ಅಭ್ಯಾಸದ ದಿನಗಳಲ್ಲಿ ಲುವೆನಿಯಾ ಪಾತ್ರ ಕಳಚಿಟ್ಟು, ತಮಗೆ ಹೇಗನ್ನಿಸಿತು ಎಂದು ವಿದ್ಯಾರ್ಥಿಗೆ ಹೇಳುತ್ತಾರೆ. ಸಿನ್ಸಿನಾಟಿಯಿಂದ ಬರುವ ಬ್ರೈಸ್ ಎಂಬ ತರುಣನಿಗೆ ಅವರು ಹೇಳಿದ್ದು ಕಾಲೇಜಿನಲ್ಲಿ ಇನ್ನೂ ಓಡಾಡುತ್ತಿದೆ: “ಮಗಾ, ನೀನು ಕೇಳಿದ್ದೆಲ್ಲ ಸರಿ. ಆದ್ರೆ ಪೊಲೀಸಪ್ಪ ಕೇಳೋ ಹಾಗೆ ಕೇಳ್ದೆ. ನಾನು ಮಾಡದೇ ಇರೋ ತಪ್ಪನ್ನೂ ಒಪ್ಪಿಕೊಳ್ಳೋಣ ಅನ್ನಿಸ್ತು. ಇನ್ನೊಂದು ಮಾತು, ಹೊಟ್ಟೆ ಮುಟ್ಟೋಕೆ ಮುಂಚೆ ಅಂಗೈ ಬಿಸಿ ಮಾಡ್ಕೋ. ನಾನೇನು ಮೀನಲ್ಲ.” ಅಂದಿನಿಂದ ಬ್ರೈಸ್ ಪ್ರತಿ ರೋಗಿಯ ಮುಂದೆ ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ನಿಲ್ಲುತ್ತಾನೆ.

ಈ ಮಂಜಿನ ಬೆಳಗ್ಗೆ ಲುವೆನಿಯಾ ಮಾತಿಲ್ಲದೆ ಗಾಡಿ ಓಡಿಸುತ್ತಿರುವುದು ಮರ್ಲೀನಾ ಗೇಹಾರ್ಟ್ ಎಂಬವಳ ಚಿಂತೆಯಿಂದ.

ಮರ್ಲೀನಾ ಟರ್ಕಿಪೆನ್‌ನದೇ ಹುಡುಗಿ. ವೆದರ್ಬಿಯ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸ್, ಎರಡು ಮಕ್ಕಳ ತಾಯಿ. ಕಣಿವೆಯಲ್ಲಿ ಇಂಟರ್ನೆಟ್ ಸರಿಯಾಗಿ ಸಿಗುವುದಿಲ್ಲ. ಗ್ರಂಥಾಲಯದ ಹೊರಗೆ ಕಾರು ನಿಲ್ಲಿಸಿ ಪಾಠಗಳನ್ನು ಫೋನಿಗೆ ಇಳಿಸಿಕೊಂಡು, ಬೆಟ್ಟ ಹತ್ತಿ ಇಳಿಯುವಾಗ ಕೇಳಿಸಿಕೊಳ್ಳುತ್ತಾ ಓದಿದವಳು. ಅವಳ ಕಿರಿಯ ಮಗ ಮೂತ್ರಪಿಂಡದ ಕೆಲಸವನ್ನು ಕಾರಿನ ಹಿಂದಿನ ಸೀಟಿನಲ್ಲೇ ಕಲಿತುಬಿಟ್ಟಿದ್ದಾನೆ ಎಂದು ಅವಳ ಅಮ್ಮ ಆಡಿಕೊಳ್ಳುತ್ತಾರೆ. ಕ್ಲಿನಿಕ್ಕಿನಲ್ಲಿ ತಮಗೆ ಕಲಿಸಿಕೊಡಬಲ್ಲವರನ್ನು ವಿದ್ಯಾರ್ಥಿಗಳೇ ಹುಡುಕಿಕೊಳ್ಳಬೇಕು. ಅದಕ್ಕಾಗಿ ಮೂರು ಜಿಲ್ಲೆಗಳ ಬಾಗಿಲು ತಟ್ಟಿದ್ದಾಳೆ.

ಅವಳ ಓದಿನ ಮೇಲೆ ಊರಿನ ಕಣ್ಣೂ ಇದೆ. ಟರ್ಕಿಪೆನ್‌ನ ಕ್ಲಿನಿಕ್ಕು ಮುಚ್ಚಿ ಎರಡು ವರ್ಷವಾಯಿತು. ಹಳೆಯ ಡಾಕ್ಟರು ನಿವೃತ್ತರಾದರು, ಹೊಸಬರು ಯಾರೂ ಬರಲಿಲ್ಲ. ಬೆಟ್ಟದಾಚೆಯ ಕ್ಲಿನಿಕ್ಕುಗಳು ಹೊಸ ರೋಗಿಗಳನ್ನು ಬರೆದುಕೊಳ್ಳುತ್ತಿಲ್ಲ. ಮರ್ಲೀನಾ ಈ ಚಳಿಗಾಲ ಪದವಿ ಪಡೆದರೆ ವಸಂತದಲ್ಲಿ ಕ್ಲಿನಿಕ್ಕು ತೆರೆಯುವುದಾಗಿ ಅದನ್ನು ನಡೆಸುವ ಸಮಿತಿ ಒಪ್ಪಿದೆ. ಇಲ್ಲದಿದ್ದರೆ ಕಟ್ಟಡ ಟೈರು ಗೋದಾಮಿಗೆ ಹೋಗುತ್ತದೆ.

ಆದರೆ ಬೇಸಿಗೆಯ ಪರೀಕ್ಷೆಯಲ್ಲಿ ಮರ್ಲೀನಾ ನಪಾಸಾದಳು. ಅಂದು ಮಂಚದ ಮೇಲಿದ್ದವರು ಲುವೆನಿಯಾ ಅವರೇ. ಪಾತ್ರ, ಮೆಟ್ಟಿಲ ಮೇಲೆ ಬಿದ್ದ ಹೆಂಗಸಿನದು. ‘ಎಡವಿ ಬಿದ್ದೆ’ ಎಂದು ರೋಗಿ ಹೇಳಿದಳು. ಮರ್ಲೀನಾ ಮಂಡಿ ನೋಡಿದಳು, ಮಣಿಕಟ್ಟು ನೋಡಿದಳು, ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿದಳು. ಬೀಳುವ ಮುಂಚೆ ಕಣ್ಣು ಕತ್ತಲಿಟ್ಟಿತ್ತೇ ಎಂದು ಮಾತ್ರ ಕೇಳಲಿಲ್ಲ. ಇಟ್ಟಿತ್ತು. ಹೃದಯದ ಬಡಿತ ತಪ್ಪಿ ಮೂರ್ಛೆ ಹೋದ ಪಾತ್ರ ಅದು.

ಅದು ಓದಿನ ಕೊರತೆಯಿಂದಾದ ತಪ್ಪಾಗಿರಲಿಲ್ಲ. ಮೂರ್ಛೆಯ ಬಗ್ಗೆ ಅವಳನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾಳೆ. ಈ ಕಣಿವೆಗಳಲ್ಲಿ ಹಿರಿಯರು ಒಂದು ಮಾತು ಹೇಳಿದ ಮೇಲೆ ಅದನ್ನೇ ಮತ್ತೆ ಕೇಳುವುದೆಂದರೆ ‘ನೀವು ಸುಳ್ಳು ಹೇಳ್ತಿದ್ದೀರಿ’ ಎಂದಂತೆ. ಆ ನಡವಳಿಕೆ ಮರ್ಲೀನಾಗೆ ಹಾಲಿನ ಜೊತೆ ಬಂದದ್ದು. ಅದರಲ್ಲೂ ಎದುರಿಗಿದ್ದವರು ಚಿಕ್ಕಂದಿನಲ್ಲಿ ತನಗೆ ಊಟ ಬಡಿಸಿದ ವೀನಿ ಅತ್ತೆ.

ಪರೀಕ್ಷೆ ಮುಗಿದು ಫಲಿತಾಂಶ ಬಂದ ಮೇಲೆ ಕಾಲೇಜಿನ ಹೊರಗಿನ ಬೆಂಚಿನ ಮೇಲೆ ಇಬ್ಬರೂ ಕೂತರು. “ನೀನು ನನಗೆ ಮರ್ಯಾದೆ ಕೊಟ್ಟೆ ಮಗಾ” ಎಂದರು ಲುವೆನಿಯಾ. “ಮರ್ಯಾದೆ ಚೆನ್ನಾಗೇ ಇತ್ತು. ನಾನು ಮನೆಗೆ ಹೋಗಿ ಮತ್ತೆ ಬೀಳ್ತಿದ್ದೆ, ಅಷ್ಟೇ.”

“ಮತ್ತೆ ಹೇಗೆ ಕೇಳೋದು ಅತ್ತೆ? ನೀವು ಎಡವಿದೆ ಅಂದ್ರಿ. ಇಲ್ಲ, ನೀವು ಎಡವಿಲ್ಲ ಅಂತ ನನ್ನ ಬಾಯಲ್ಲಿ ಹೇಗೆ ಬರುತ್ತೆ?”

“ಅದನ್ನ ನಾನು ಹೇಳ್ಕೊಡೋ ಹಾಗಿಲ್ಲ. ಆಡ್ರಾ ನನ್ನ ಕೆಲಸ ಕಿತ್ಕೋತಾಳೆ.”

ಆಡ್ರಾ ಪೆನ್ನಿಂಗ್ಟನ್ ಈ ಪರೀಕ್ಷೆಗಳನ್ನು ನಡೆಸುವ ಪ್ರಾಧ್ಯಾಪಕಿ, ಸ್ವತಃ ಇಪ್ಪತ್ತು ವರ್ಷ ಬೆಟ್ಟದ ಕ್ಲಿನಿಕ್ಕುಗಳಲ್ಲಿ ದುಡಿದವರು. ಪರಿಚಯವಿರುವವರನ್ನು ಎದುರುಬದುರು ಕೂರಿಸಬಾರದೆಂದು ಬೇರೆ ಕಡೆಯ ಕಾಲೇಜುಗಳಲ್ಲಿ ರೂಢಿಯಿದೆ. “ಇಲ್ಲಿ ಪರಿಚಯ ಇಲ್ಲದೋರನ್ನ ಹುಡುಕಬೇಕಾದ್ರೆ ವಿಮಾನ ಹತ್ತಬೇಕು” ಎನ್ನುತ್ತಾರೆ ಆಡ್ರಾ. “ನಾಳೆ ಅವರು ಕ್ಲಿನಿಕ್ ಇಟ್ಟಾಗಲೂ ಒಳಗೆ ಬರೋರು ಚಿಕ್ಕಮ್ಮ, ಸೋದರತ್ತೆ, ಸ್ಕೂಲ್ ಮೇಷ್ಟ್ರೇ. ಆ ಕಷ್ಟವನ್ನೇ ಪರೀಕ್ಷೆ ಮಾಡೋಣ ಅಂದ್ಕೊಂಡ್ವಿ.”

ಎಡ್ನಾ ಎಂಬ ಹೊಸ ಪಾತ್ರ ಹುಟ್ಟಿದ್ದೂ ಹೀಗೆ. ಹೊರಗಿನಿಂದ ತರಿಸುವ ಪಾತ್ರಗಳೆಲ್ಲ ಪಟ್ಟಣದವು, ನಮ್ಮ ಅಡುಗೆಮನೆಗಳಲ್ಲಿ ನಡೆಯುವುದನ್ನು ಹೇಳಿ ಎಂದು ಆಡ್ರಾ ತಮ್ಮ ಪಾತ್ರಧಾರಿ ರೋಗಿಗಳನ್ನೆಲ್ಲ ಕೇಳಿದ್ದರು. ಆಗ ಲುವೆನಿಯಾ ‘ನಮ್ಮ ಕಡೆ ಒಬ್ಬಳಿದ್ದಾಳೆ’ ಎಂದು ಒಂದು ಸಂಗತಿ ಹೇಳಿದರು. ಯಾರು ಎಂದು ಅವರೂ ಹೇಳಲಿಲ್ಲ, ಆಡ್ರಾ ಕೂಡ ಕೇಳಲಿಲ್ಲ.

ಎಡ್ನಾಳ ಕಥೆ ಚಿಕ್ಕದು. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾಳೆ. ಆದರೂ ಒತ್ತಡ ಇಳಿದಿಲ್ಲ, ತಲೆ ಧಿಮ್ಮೆನ್ನುತ್ತದೆ. ಕಾರಣ, ದಿನವೂ ಮಾತ್ರೆಯನ್ನು ಎರಡು ಹೋಳು ಮಾಡಿ ಅರ್ಧವನ್ನು ಗಂಡನಿಗೆ ಕೊಡುತ್ತಾಳೆ. ಗಂಡ ಬೆಟ್ಟ ದಾಟಿ ಯಾವ ಡಾಕ್ಟರ ಬಾಗಿಲಿಗೂ ಬರುವವನಲ್ಲ. ಇದನ್ನು ಕೇಳಿ ತಿಳಿಯದ ವಿದ್ಯಾರ್ಥಿ ಸಹಜವಾಗಿ ಮಾತ್ರೆಯ ಪ್ರಮಾಣ ಏರಿಸುತ್ತಾನೆ. ಎಡ್ನಾ ಆ ದೊಡ್ಡ ಮಾತ್ರೆಯನ್ನೂ ಕತ್ತರಿಸುತ್ತಾಳೆ. ಯಾರೂ ಪರೀಕ್ಷಿಸದ, ಮೂತ್ರಪಿಂಡ ಹೇಗಿದೆಯೆಂದು ಯಾರಿಗೂ ಗೊತ್ತಿಲ್ಲದ ಒಬ್ಬ ಗಂಡಸು, ಯಾರೂ ಬರೆದುಕೊಡದ ಔಷಧಿಯನ್ನು ಇನ್ನಷ್ಟು ನುಂಗುತ್ತಾನೆ. ಒಬ್ಬಳಿಗೆ ಬರೆದ ಚೀಟಿಯ ತಪ್ಪು ಇಬ್ಬರ ಮೈಗೆ ಇಳಿಯುತ್ತದೆ.

ವೆದರ್ಬಿಯ ಕಾಲೇಜು ಸೇರುವಷ್ಟರಲ್ಲಿ ಲುವೆನಿಯಾ ಎಡ್ನಾ ಆಗಿದ್ದಾರೆ. ಕೈಚೀಲವನ್ನು ಎಲ್ಲೋ ಎಸೆದು ಆಮೇಲೆ ಹುಡುಕುವ ಹೆಂಗಸು ಈಗ ಅದನ್ನು ಮಡಿಲಲ್ಲಿಟ್ಟು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಾರೆ. ಮೂಲೆಯ ಕ್ಯಾಮೆರಾದ ಇನ್ನೊಂದು ತುದಿಯಲ್ಲಿ, ಪಕ್ಕದ ಕೋಣೆಯಲ್ಲಿ, ಆಡ್ರಾ ಮತ್ತು ಇನ್ನೊಬ್ಬ ಪರೀಕ್ಷಕಿ ನೋಡುತ್ತಿದ್ದಾರೆ. ಬಾಗಿಲು ತಟ್ಟಿದ ಸದ್ದಾಗುತ್ತದೆ. ಮರ್ಲೀನಾ ಒಳಗೆ ಬರುತ್ತಾಳೆ. ಇದು ಅವಳಿಗೆ ಸಿಕ್ಕಿರುವ ಎರಡನೆಯ ಮತ್ತು ಕೊನೆಯ ಅವಕಾಶ.

ಮೊದಲರ್ಧ ಸುಸೂತ್ರವಾಗಿ ಸಾಗುತ್ತದೆ. ತಲೆಸುತ್ತು ಯಾವಾಗ, ಎಷ್ಟು ಹೊತ್ತು, ಎದೆನೋವು ಉಂಟೇ, ಉಪ್ಪು ಎಷ್ಟು. ರಕ್ತದೊತ್ತಡ ಅಳೆಯುತ್ತಾಳೆ. ಅಳತೆ ಏನೇ ಬಂದರೂ ಪಾತ್ರಕ್ಕೆಂದು ಬಾಗಿಲ ಮೇಲೆ ಬರೆದಿರುವ ಅಂಕಿಯನ್ನೇ ಲೆಕ್ಕಕ್ಕೆ ಹಿಡಿಯಬೇಕು. ಉಪಕರಣದ ಅಂಕಿ ನೋಡಿ ಮರ್ಲೀನಾಳ ಹುಬ್ಬು ಒಂದು ಕ್ಷಣ ಮೇಲೇರುತ್ತದೆ. ತೋಳಿಗೆ ಸುತ್ತಿದ ಪಟ್ಟಿಯನ್ನು ಬಿಚ್ಚುತ್ತಾಳೆ.

“ಮಾತ್ರೆ ದಿನಾ ತಗೋತೀರಾ?”

“ತಗೋತೀನಮ್ಮ. ಒಂದು ದಿನಾನೂ ತಪ್ಪಿಸಲ್ಲ.”

ಇದು ಎಡ್ನಾ ಹೇಳಬೇಕಾದ ಮಾತು. ನಿಜವೂ ಹೌದು. ಮರ್ಲೀನಾ ತಲೆಯಾಡಿಸುತ್ತಾಳೆ, ಪೆನ್ನು ಕೈಗೆತ್ತಿಕೊಳ್ಳುತ್ತಾಳೆ. “ಹಾಗಾದ್ರೆ ಮಾತ್ರೆನ ಸ್ವಲ್ಪ ಜಾಸ್ತಿ…” ಎಂದು ಶುರುಮಾಡುತ್ತಾಳೆ.

ಲುವೆನಿಯಾ ಕೈಚೀಲವನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಾರೆ. ‘ಆಗ ನನ್ನ ನಾಲಿಗೆ ತುದೀಲಿ ಅದು ಬಂದು ಕೂತಿತ್ತು’ ಎಂದು ಆಮೇಲೆ ಹೇಳುತ್ತಾರೆ. ‘ಒಂದು ಕೆಮ್ಮು ಸಾಕಿತ್ತು. ಕೈಚೀಲದಿಂದ ಮಾತ್ರೆ ಬಾಟ್ಲು ಕೆಳಗೆ ಬೀಳಿಸಿದ್ರೂ ಸಾಕಿತ್ತು. ಟೈರು ಗೋದಾಮು ಕಣ್ಮುಂದೆ ಬಂತು. ಆದ್ರೆ ನಾಳೆ ಆ ಕ್ಲಿನಿಕ್ಕಿಗೆ ಬರೋ ಮುದುಕಿ ಕೆಮ್ಮಲ್ಲ ನೋಡಿ.’ ಅವರು ಕಿಟಕಿಯ ಕಡೆ ಮುಖ ತಿರುಗಿಸುತ್ತಾರೆ.

ಮರ್ಲೀನಾ ಮಾತು ಅಲ್ಲಿಗೇ ನಿಲ್ಲಿಸುತ್ತಾಳೆ. ಪೆನ್ನನ್ನು ಜೇಬಿಗೆ ಹಾಕುತ್ತಾಳೆ. ಚಕ್ರದ ಸ್ಟೂಲು ಎಳೆದುಕೊಂಡು, ಮಂಚಕ್ಕಿಂತ ತಗ್ಗಿನಲ್ಲಿ, ಹುರುಳಿಕಾಯಿ ನಾರು ತೆಗೆಯಲು ಕೂತವಳ ಹಾಗೆ ಮಂಡಿಗೆ ಮೊಣಕೈ ಊರಿ ಕೂರುತ್ತಾಳೆ.

“ನಮ್ಮಮ್ಮಂಗೂ ಇದೇ ಮಾತ್ರೆ” ಎನ್ನುತ್ತಾಳೆ. “ಅವರು ತಲೆನೋವು ಬಂದ ದಿನ ಎರಡು ತಗೋತಿದ್ರು, ಬರದಿದ್ದ ದಿನ ಇಲ್ಲ. ನಾನು ನರ್ಸು, ನನ್ನ ಮನೇಲೇ ಇದು ನಡೀತಿತ್ತು, ನನಗೇ ಗೊತ್ತಿರ್ಲಿಲ್ಲ. ನಮ್ಮ ಕಡೆ ಎಲ್ರೂ ಮಾತ್ರೆನ ತಮ್ಮದೇ ರೀತೀಲಿ ತಗೋತಾರೆ. ನೀವು ಬೆಳಗ್ಗೆ ಎದ್ದಾಗಿಂದ ಹೇಗೆ ಮಾಡ್ತೀರಿ, ನನಗೆ ಹೇಳಿ.”

ಹಿರಿಯಳ ಮಾತನ್ನು ಅವಳು ಅನುಮಾನಿಸಲಿಲ್ಲ. ತನ್ನ ಮನೆಯದನ್ನು ಮೊದಲು ಮುಂದಿಟ್ಟಳು. ಎದುರಿಗಿರುವವರು ತಮ್ಮದನ್ನು ಪಕ್ಕದಲ್ಲಿಟ್ಟರೆ ಸಾಕು. ಕಣಿವೆಯ ಹೆಂಗಸರು ಜಗಲಿಯ ಮೇಲೆ ಕೂತು ಒಬ್ಬರ ಮನೆಯ ಸಂಗತಿ ಇನ್ನೊಬ್ಬರು ತಿಳಿಯುವುದು ಹೀಗೆಯೇ. ಅದನ್ನು ಬಿಳಿ ಕೋಟಿನೊಳಗೆ ತರಬಹುದೆಂದು ಮರ್ಲೀನಾಗೆ ಹೊಳೆದದ್ದು ಅವಳದೇ ಸಂಪಾದನೆ.

“ಕಾಫಿ ಇಳಿಸ್ತೀನಿ” ಎನ್ನುತ್ತಾಳೆ ಎಡ್ನಾ. ಮಾತು ನಿಧಾನವಾಗುತ್ತದೆ. “ಆಮೇಲೆ ಚಾಕು ತಗೋತೀನಿ.”

“ಚಾಕು ಯಾಕೆ?”

“ಅರ್ಧ ಮಾಡೋಕೆ. ಅರ್ಧ ನನಗೆ, ಅರ್ಧ ನಮ್ಮನೆಯವನಿಗೆ. ಅವನು ಬೆಟ್ಟ ದಾಟಿ ಬರಲ್ಲ ಕಣಮ್ಮ. ತಲೆ ನೋಯುತ್ತೆ ಅಂತಾನೆ, ಬಾ ಅಂದ್ರೆ ಬರಲ್ಲ. ನಾನೊಬ್ಬಳೇ ಹೇಗೆ ತಗೊಳ್ಳಲಿ?”

ಕೊನೆಯ ವಾಕ್ಯ ಪಾತ್ರದಲ್ಲಿ ಇರಲಿಲ್ಲ. ಪಕ್ಕದ ಕೋಣೆಯಲ್ಲಿ ಆಡ್ರಾ ಅದನ್ನು ಗಮನಿಸಿದರು, ಚೆನ್ನಾಗಿ ಕೂಡಿಸಿದ್ದಾರೆ ಎಂದಷ್ಟೇ ಅಂದುಕೊಂಡರು.

ಮರ್ಲೀನಾ ಬೈಯುವುದಿಲ್ಲ. “ನೀವು ಮಾಡಿದ್ದು ಅವರ ಮೇಲಿನ ಕಾಳಜಿಯಿಂದ” ಎನ್ನುತ್ತಾಳೆ. “ಆದ್ರೆ ಅರ್ಧದಲ್ಲಿ ಇಬ್ಬರಿಗೂ ಆಗ್ತಿಲ್ಲ. ಅವರಿಗೆ ಆಗಿಬರುತ್ತೋ ಇಲ್ವೋ ಅಂತ ಯಾರೂ ನೋಡಿಲ್ಲ. ಮಾತ್ರೆ ನಾನು ಏರಿಸಲ್ಲ. ನಿಮ್ಮ ಪೂರಾ ಮಾತ್ರೆ ನೀವೇ ತಗೊಂಡು ಎರಡು ವಾರ ಬಿಟ್ಟು ಬನ್ನಿ. ಅವರನ್ನ ನಾನು ನೋಡ್ತೀನಿ. ಅವರು ಬರದಿದ್ರೆ ನಾನೇ ಬರ್ತೀನಿ.”

ಗಂಟೆ ಬಾರಿಸುತ್ತದೆ.

ಮರ್ಲೀನಾ ಪಾಸಾದಳು. ಅದೇ ಸಂಜೆ ಕಾಲೇಜಿನ ಮೊಗಸಾಲೆಯಲ್ಲಿ ಅವಳು ಲುವೆನಿಯಾ ಅವರನ್ನು ಅಪ್ಪಿಕೊಂಡಳು, ಕಣ್ಣೊರೆಸಿಕೊಂಡಳು. ಆಮೇಲೆ ಸ್ವರ ತಗ್ಗಿಸಿ ಹೇಳಿದಳು: “ಅತ್ತೆ, ಒಳಗೆ ನಾನು ಅಳೆದಾಗ ನಿಮ್ಮದೂ ಎಡ್ನಾಳಷ್ಟೇ ಇತ್ತು. ತೋರಿಸ್ಕೊಳ್ಳಿ.”

“ಪರೀಕ್ಷೆ ಅಂದ್ರೆ ಯಾರಿಗೆ ಏರಲ್ಲ ಮಗಾ. ಮಾತ್ರೆ ತಗೋತಿದ್ದೀನಲ್ಲ, ಒಂದು ದಿನಾನೂ ತಪ್ಪಿಸಲ್ಲ.”

ಮರ್ಲೀನಾ ಅವರನ್ನೇ ನೋಡಿದಳು. “ಆಯ್ತು. ಕ್ಲಿನಿಕ್ ತೆಗೆದ ದಿನ ಮತ್ತೆ ಕೇಳ್ತೀನಿ.”

ಮಾರ್ಚ್ ತಿಂಗಳ ಕೊನೆ. ಟರ್ಕಿಪೆನ್ ಕ್ಲಿನಿಕ್ಕಿನ ಗೋಡೆಗೆ ಬಳಿದ ಬಣ್ಣದ ವಾಸನೆ ಇನ್ನೂ ಹೋಗಿಲ್ಲ. ಹೊರಗೆ ರೆಡ್‌ಬಡ್ ಮರಗಳು ಹೂಬಿಟ್ಟಿವೆ. ಬಾಗಿಲು ತೆರೆಯುವ ಮೊದಲೇ ಲುವೆನಿಯಾ ಮೆಟ್ಟಿಲ ಮೇಲೆ ಕೂತಿದ್ದಾರೆ, ಈ ಸಲ ಚರ್ಚಿನ ಕೋಟು ಹಾಕಿಕೊಂಡು. ಹೋಬರ್ಟ್ ಗಾಡಿಯಿಂದ ಇಳಿದಿಲ್ಲ. ತಾನು ಬರೀ ಡ್ರೈವರು ಎಂದು ಬಂದವರಿಗೆಲ್ಲ ಹೇಳುತ್ತಿದ್ದಾರೆ.

ಒಳಗೆ ಮಂಚದ ಮೇಲೆ ಅದೇ ಬಗೆಯ ಕಾಗದದ ಹಾಸು. ಲುವೆನಿಯಾ ಕೈಚೀಲವನ್ನು ಪಕ್ಕಕ್ಕೆ ಎಸೆದು ಕಾಲು ಇಳಿಬಿಟ್ಟು ಕೂರುತ್ತಾರೆ. ಎಷ್ಟೋ ರೋಗಗಳನ್ನು ಬಾಯಿಪಾಠ ಮಾಡಿ ಒಪ್ಪಿಸಿದವರಿಗೆ ಇಂದು ಯಾರೂ ಪಾತ್ರ ಕೊಟ್ಟಿಲ್ಲ. “ಎಲ್ಲಿಂದ ಶುರು ಮಾಡೋದು ಅಂತಾನೇ ಗೊತ್ತಾಗ್ತಿಲ್ಲ” ಎನ್ನುತ್ತಾರೆ.

ಮರ್ಲೀನಾ ಕೈ ಬಿಸಿ ಮಾಡಿಕೊಂಡು ಒತ್ತಡ ಅಳೆಯುತ್ತಾಳೆ. ಬಾಗಿಲ ಮೇಲೆ ಬೇರೆ ಅಂಕಿ ಇಲ್ಲ, ಬಂದದ್ದೇ ಲೆಕ್ಕ. ಸ್ಟೂಲು ಎಳೆದುಕೊಂಡು ಕೂರುತ್ತಾಳೆ.

“ವೀನಿ ಅತ್ತೆ, ಬೆಳಗ್ಗೆ ಕಾಫಿ ಇಳಿಸಿದ ಮೇಲೆ ಏನು ಮಾಡ್ತೀರಿ?”

ಲುವೆನಿಯಾ ಭುಜ ಕುಲುಕುವಂತೆ ನಗತೊಡಗುತ್ತಾರೆ. “ಯಾವಾಗ ಗೊತ್ತಾಯ್ತು ನಿನಗೆ?”

“ಗೊತ್ತಿರ್ಲಿಲ್ಲ. ಅದಕ್ಕೇ ಕೇಳ್ತಿದ್ದೀನಿ.”

“ಹಾಗಾದ್ರೆ ಹೋಗಿ ಗಾಡಿಯಲ್ಲಿರೋ ಇನ್ನರ್ಧನ ಕರ್ಕೊಂಡು ಬಾ.”

ಮರ್ಲೀನಾ ತಾನೇ ಹೊರಗೆ ಹೋಗುತ್ತಾಳೆ. ಗಾಡಿಯ ಕಿಟಕಿಯ ಬಳಿ ನಡೆದ ಮಾತು ಒಳಗಿನವರೆಗೆ ಕೇಳಿಸುತ್ತದೆ.

“ನಾನು ಡ್ರೈವರು ಕಣಮ್ಮ.”

“ಡ್ರೈವರಿಗೂ ರಕ್ತ ಇರುತ್ತೆ, ಮಾವ. ಬೆಟ್ಟ ದಾಟಬೇಕಾಗಿಲ್ಲ. ಆರು ಹೆಜ್ಜೆ ಅಷ್ಟೇ.”

“ಚುಚ್ತೀಯಾ?”

“ಚುಚ್ತೀನಿ.”

“ಇವಳು ಇಷ್ಟು ವರ್ಷ ಸುಳ್ಳು ಕಾಯಿಲೆ ಹೇಳಿ ದುಡ್ಡು ತಂದ್ಲು. ನಾನು ನಿಜವಾದ್ದಕ್ಕೂ ಬಿಟ್ಟಿ ಚುಚ್ಚಿಸ್ಕೋಬೇಕಾ?” ಎಂದು ಗೊಣಗುತ್ತಲೇ ಹೋಬರ್ಟ್ ಇಳಿದು ಬರುತ್ತಾರೆ. ಹೆಂಡತಿಯ ಪಕ್ಕದಲ್ಲಿ ಮಂಚ ಏರಿ ಕೂತು, ಅಂಗಿಯ ತೋಳು ಮಡಚುತ್ತಾರೆ. ಅವರ ಅಂಕಿ ಹೆಂಡತಿಯದಕ್ಕಿಂತ ಹೆಚ್ಚು ಬರುತ್ತದೆ. ರಕ್ತ ತೆಗೆದು ಪರೀಕ್ಷೆಗೆ ಕಳಿಸಿ, ಮಾತ್ರೆ ಯಾವುದೆಂದು ವಾರದೊಳಗೆ ಗೊತ್ತಾಗುತ್ತದೆ ಎಂದು ಮರ್ಲೀನಾ ಹೇಳುತ್ತಾಳೆ. ಅಲ್ಲಿಯವರೆಗೆ ಹೆಂಡತಿಯ ಮಾತ್ರೆಯ ತಂಟೆಗೆ ಹೋಗಕೂಡದೆಂದು ತಾಕೀತು ಮಾಡಿ, ಎರಡು ದಿನ ಬಿಟ್ಟು ಮನೆಗೇ ಬಂದು ಒತ್ತಡ ನೋಡುವೆನೆನ್ನುತ್ತಾಳೆ.

ಬೆಟ್ಟದಾಚೆ ಆಡ್ರಾ ಅವರಿಗೂ ಸುದ್ದಿ ಮುಟ್ಟಿದೆ. ಎಡ್ನಾಳ ಪಾತ್ರವನ್ನು ಮುಂದುವರಿಸುವುದೋ ಬೇಡವೋ ಎಂದು ಅವರು ಫೋನು ಮಾಡಿ ಕೇಳಿದಾಗ ಲುವೆನಿಯಾ ಖಡಾಖಂಡಿತವಾಗಿ ಹೇಳಿದ್ದಾರೆ: “ಮುಂದುವರಿಸಿ. ಆದ್ರೆ ಬೇರೆ ಯಾರಿಗಾದ್ರೂ ಕೊಡಿ. ನನಗೆ ಆ ಕಾಯಿಲೆ ವಾಸಿಯಾಗ್ತಿದೆ.”

ಮುಂದಿನ ವಾರ ಹೊಸ ತಂಡ ಬರುತ್ತದೆ. ಲುವೆನಿಯಾಗೆ ಈ ಸಲ ಕಾಲಿಗಿಳಿದು ಕುಂಟಿಸುವ ಬೆನ್ನುನೋವು, ಹಿಕರಿ ಕಾಯಿ ಹುಡುಕಿಟ್ಟುಕೊಂಡಿದ್ದಾರೆ. ತಮ್ಮ ಕೈಯಲ್ಲಿ ಊಟ ಮಾಡಿದ ಹುಡುಗಿಯೊಬ್ಬಳು ತಮ್ಮ ಹೊಟ್ಟೆಯ ಗುಟ್ಟನ್ನು ಹೊರಗೆ ತೆಗೆದಳೆಂಬ ಹೆಮ್ಮೆಯನ್ನು ಅವರು ಮುಚ್ಚಿಡಲು ನೋಡುತ್ತಾರೆ, ಸ್ವಲ್ಪ ಸೋಲುತ್ತಾರೆ. ಮಾತ್ರೆಯ ಸಮಾಚಾರ ಕೇಳಿದರೆ ಮೇಜಿನ ಮೇಲಿನ ಸಣ್ಣ ಚಾಕುವನ್ನು ಒರೆಸಿ ಡ್ರಾಯರಿಗೆ ಹಾಕುತ್ತಾ ಹೇಳುತ್ತಾರೆ:

“ಅವನಿಗೊಂದು ಪೂರ್ತಿ, ನನಗೊಂದು ಪೂರ್ತಿ. ಇದು ಸೇಬಿಗೆ ಸಾಕು.”